ಗೋಡೆ ಒಡೆಯುವ ಮೊದಲು ಮಾಡು ನೋಡಿ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪ, ಗುಡ್ಡದ ಬದಿಯಲ್ಲಿ ನಮ್ಮ ಮನೆ. ಅಪ್ಪ 1978ರಲ್ಲಿ ಕಟ್ಟಿಸಿದ್ದು. ಮುಂದಿನ ಭಾಗ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು (ಛಾವಣಿ). ಜಗಲಿ, ಚಾವಡಿ, ಎರಡು ಕೋಣೆ, ಒಂದು ಉಗ್ರಾಣ ಅಲ್ಲಿವೆ. ಹಿಂದಿನ ಅಡುಗೆಮನೆ (10×14 ಅಡಿ) ಮತ್ತು ಊಟದ ಕೋಣೆ (12×14 ಅಡಿ) 1996ರಲ್ಲಿ ತಾರಸಿ ಹಾಕಿ ಸೇರಿಸಿದ್ದು. ಬಚ್ಚಲು, ಪಾಯಿಖಾನೆ ಅಂಗಳದ ಆಚೆ. ಅಮ್ಮನಿಗೆ 78 ವರ್ಷ, ಮಂಡಿನೋವು. ಮಳೆಗಾಲದ ರಾತ್ರಿ ಅವರು ಹೊರಗೆ ಹೋಗುವುದೇ ನಮಗೆ ಭಯ. ಅಡುಗೆಮನೆ ಹಗಲಲ್ಲೂ ಕತ್ತಲೆ. ಪೂರ್ವಕ್ಕೆ ಕಿಟಕಿ ಇದೆ, ಆದರೆ ಅದರ ಹೊರಗೆ ಕಟ್ಟಿಗೆ ಇಡಲು ಶೀಟಿನ ಇಳಿಮಾಡು ಮಾಡಿದ್ದೇವೆ. ನಮ್ಮ ಯೋಚನೆ ಹೀಗಿದೆ: ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆದು ಒಂದೇ ಹಾಲ್ ಮಾಡುವುದು. ಅಮ್ಮನ ಕೋಣೆಗೆ ತಾಗಿ ಬಾತ್‌ರೂಂ ಕಟ್ಟುವುದು. ಮುಂದಿನ ಹಂಚು ತೆಗೆದು ತಾರಸಿ ಹಾಕಿ, ಮೇಲೆ ಮಗನಿಗೆ ಎರಡು ಕೋಣೆ ಎಬ್ಬಿಸುವುದು. ಮಗ ಬೆಂಗಳೂರಿನಲ್ಲಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ಮೇಸ್ತ್ರಿ ಎಲ್ಲವೂ ಆಗುತ್ತದೆ ಅನ್ನುತ್ತಾರೆ. ಮಳೆಗಾಲಕ್ಕೆ ಮೊದಲು ಮುಗಿಸಬೇಕು. ಎಲ್ಲಿಂದ ಶುರು ಮಾಡುವುದು?

ಉತ್ತರ: ಅಮ್ಮನ ಬಾತ್‌ರೂಮಿನಿಂದ ಶುರು ಮಾಡಿ. ಅಡುಗೆಮನೆಯ ಗೋಡೆಯನ್ನು ಪೂರ್ತಿ ತೆಗೆಯಬೇಡಿ, ಅದರಲ್ಲಿ ಒಂದು ದೊಡ್ಡ ಬಾಯಿ ತೆರೆದರೆ ಸಾಕು. ಹಂಚು ತೆಗೆದು ತಾರಸಿ ಹಾಕುವ ಯೋಚನೆಯನ್ನು ಕೈಬಿಡಿ. ಮೂರು ಕೆಲಸಕ್ಕೆ ಮೂರು ಬೇರೆ ಬೇರೆ ಉತ್ತರ ಯಾಕೆ ಅಂತ ಹೇಳುತ್ತೇನೆ. ಕೊನೆಯದನ್ನೇ ಮೊದಲು ತೆಗೆದುಕೊಳ್ಳೋಣ. ದುಡ್ಡೂ ಅಪಾಯವೂ ಜಾಸ್ತಿ ಇರುವುದು ಅಲ್ಲೇ.

ಹಂಚಿನ ಮಾಡು ಹಗುರ. ಹಂಚು, ಅದರ ಕೆಳಗಿನ ಮರದ ರೀಪು (ಅಡ್ಡಪಟ್ಟಿ), ಪಕ್ಕಾಸು (ಇಳಿಜಾರಿನ ತೊಲೆ) ಎಲ್ಲ ಸೇರಿ ಒಂದು ಚದರ ಮೀಟರಿಗೆ ಸುಮಾರು 60ರಿಂದ 75 ಕಿಲೋ ಬರುತ್ತದೆ. ಐದು ಇಂಚು ದಪ್ಪದ ತಾರಸಿಯ ಕಾಂಕ್ರೀಟ್ ಒಂದೇ ಚದರ ಮೀಟರಿಗೆ 310 ಕಿಲೋಗಿಂತ ಜಾಸ್ತಿ. ಮೇಲಿನ ನೆಲ, ಕೆಳಗಿನ ಸಾರಣೆ (ಪ್ಲಾಸ್ಟರ್), ಜನ, ಮಂಚ, ಕಪಾಟು ಸೇರಿಸಿದರೆ 600 ಕಿಲೋ ಹತ್ತಿರ ಹೋಗುತ್ತದೆ. ಮೇಲೆ ಕೋಣೆ ಅಂದರೆ ಗೋಡೆಯೂ ಬೇಕಲ್ವಾ? ಎಂಟು ಇಂಚು ದಪ್ಪದ, ಹತ್ತು ಅಡಿ ಎತ್ತರದ ಕೆಂಪುಕಲ್ಲಿನ ಗೋಡೆ, ಉದ್ದದ ಪ್ರತಿ ಮೀಟರಿಗೆ ಒಂದು ಟನ್ನಿಗಿಂತ ಜಾಸ್ತಿ ತೂಗುತ್ತದೆ. ನಿಮ್ಮ ಅಪ್ಪ ಕಟ್ಟಿಸಿದ ಗೋಡೆ, ಅದರ ಪಂಚಾಂಗ (ಅಡಿಪಾಯ) ಇಷ್ಟನ್ನು ಹೊರುವ ಲೆಕ್ಕದಲ್ಲಿ ಕಟ್ಟಿದ್ದಲ್ಲ. ಅದು ಹಂಚಿನ ಮಾಡು ಹೊರಲು ಕಟ್ಟಿದ್ದು, ಆ ಕೆಲಸವನ್ನು ಇಷ್ಟು ವರ್ಷ ಚೆನ್ನಾಗಿಯೇ ಮಾಡಿದೆ.

ಇನ್ನೊಂದು ಅನುಮಾನವಿದೆ. ಆ ಕಾಲದ ನಮ್ಮ ಕಡೆಯ ಮನೆಗಳಲ್ಲಿ ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿ, ಮೇಲಿಂದ ಸುಣ್ಣ ಅಥವಾ ಸಿಮೆಂಟಿನ ಸಾರಣೆ ಮಾಡಿದ್ದು ಬೇಕಾದಷ್ಟಿದೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಟ್ಟಕ್ಕೆ ಹತ್ತಿ ನೋಡಿ, ಅಲ್ಲಿ ಸಾಮಾನ್ಯವಾಗಿ ಸಾರಣೆ ಇರುವುದಿಲ್ಲ. ಎರಡು ಕಲ್ಲಿನ ನಡುವೆ ಸ್ಕ್ರೂಡ್ರೈವರ್ ಒತ್ತಿ. ಸಲೀಸಾಗಿ ಒಳಗೆ ಹೋಗಿ, ಉದುರಿದ ಪುಡಿ ಒದ್ದೆ ಬೆರಳಿಗೆ ಕೆಸರಿನ ಹಾಗೆ ಅಂಟಿದರೆ ಅದು ಮಣ್ಣು. ಅಂಥ ಗೋಡೆಯ ಮೇಲೆ ತಾರಸಿಯ ಮಾತೇ ಬೇಡ. ಸಿಮೆಂಟಿನ ಗಾರೆ ಆಗಿದ್ದರೂ ಪಂಚಾಂಗದ ಬದಿಯಲ್ಲಿ ಎರಡು ಕಡೆ ಗುಂಡಿ ತೋಡಿ, ಅದು ಎಷ್ಟು ಅಗಲ, ಎಷ್ಟು ಆಳ, ಯಾವ ಮಣ್ಣಿನ ಮೇಲೆ ನಿಂತಿದೆ ಎಂದು ಎಂಜಿನಿಯರ್ ಕಣ್ಣಾರೆ ನೋಡದೆ ಮೇಲಂತಸ್ತಿಗೆ ಹೂಂ ಅನ್ನಬಾರದು. ಮೇಸ್ತ್ರಿಗಳು ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಆಗುತ್ತದೆ' ಎನ್ನುವವರು ಯಾವ ಗುಂಡಿ ತೋಡಿ ನೋಡಿ ಹೇಳಿದರು ಅಂತ ಒಮ್ಮೆ ಕೇಳಿ.

ಮಗ ಬರುವುದು ಹಬ್ಬಕ್ಕೆ. ವರ್ಷದ ಹೆಚ್ಚಿನ ದಿನ ಬೀಗ ಹಾಕಿಡುವ ಎರಡು ಕೋಣೆಗಾಗಿ ಚಾವಡಿಯ ತಂಪನ್ನು ಕಳೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಬೇಕೇ ಬೇಕು ಅಂತಿದ್ದರೆ ಮನೆಯ ಪಕ್ಕಕ್ಕೆ ಬೇರೆಯೇ ಪಂಚಾಂಗ ಹಾಕಿ ಒಂದು ಕೋಣೆ ಕಟ್ಟಿ. ಆಗ ಹಳೆ ಗೋಡೆಗೂ ಹೊಸ ಗೋಡೆಗೂ ಕಲ್ಲು ಹಲ್ಲು ಕೊಟ್ಟು ಜೋಡಿಸಬೇಡಿ. ಹಳೆ ಮನೆ ಕೂರಬೇಕಾದಷ್ಟು ಕೂತು ಆಗಿದೆ. ಹೊಸದು ಮೊದಲ ಒಂದೆರಡು ಮಳೆಗಾಲದಲ್ಲಿ ಸ್ವಲ್ಪ ಕೂರುತ್ತದೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಸೇರುವ ಜಾಗದಲ್ಲೇ ಮೇಲಿಂದ ಕೆಳಗೆ ಬಿರುಕು ಬರುತ್ತದೆ, ಎಷ್ಟು ಸಲ ಸಾರಣೆ ಮಾಡಿದರೂ ಮತ್ತೆ ಬಿಡುತ್ತದೆ. ನಡುವೆ ನೇರ ಸಂದು ಬಿಟ್ಟು, ಅದನ್ನು ಸೀಲಂಟ್ ಮತ್ತು ತಗಡಿನ ಪಟ್ಟಿಯಿಂದ ಮುಚ್ಚಬೇಕು. ಎರಡು ಮಾಡು ಕೂಡುವಲ್ಲಿ ದಂಬೆ (ಮಳೆನೀರು ಹರಿಯುವ ತೋಡು) ಅಗಲವಾಗಿರಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ನಾಲ್ಕು ಇಂಚಿನ ದಂಬೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತುಂಬಿ ಒಳಗೇ ಸುರಿಯುತ್ತದೆ.

ಹಂಚಿನ ಮಾಡಿಗೆ ನೀವು ಮಾಡಬೇಕಾದ್ದು ಬೇರೆ ಇದೆ. ಹಂಚು ಇಳಿಸಿ ಪಕ್ಕಾಸುಗಳ ತುದಿ ನೋಡಿ, ಮುಖ್ಯವಾಗಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ. ಒರಳೆ (ಗೆದ್ದಲು) ಹಿಡಿಯುವುದು, ನೀರು ಕುಡಿದು ಕುಂಬಾಗಿ ಕೊಳೆಯುವುದು ಅಲ್ಲೇ. ಹಾಳಾದ ಪಕ್ಕಾಸು, ರೀಪು ಬದಲಿಸಿ, ಗಟ್ಟಿ ಹಂಚನ್ನು ತೊಳೆದು ಮತ್ತೆ ಹೊದಿಸಿ. ಚಾವಡಿಗೂ ಕೋಣೆಗಳಿಗೂ ಅಲ್ಲಲ್ಲಿ ಒಂದೊಂದು ಗಾಜಿನ ಹಂಚು ಹಾಕಿ. ಅತಿ ಕಡಿಮೆ ಖರ್ಚಿನಲ್ಲಿ ಇಷ್ಟು ಬೆಳಕು ಕೊಡುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ. ಪಡುವಣ ಇಳಿಜಾರಿಗೆ ಮಾತ್ರ ಹಾಕಬೇಡಿ, ಏಪ್ರಿಲ್‌ನ ಮಧ್ಯಾಹ್ನ ಕೋಣೆ ಕಾದುಬಿಡುತ್ತದೆ.

ಈಗ ಅಡುಗೆಮನೆ. ನಿಮ್ಮ ಪತ್ರದಲ್ಲೇ ಕತ್ತಲೆಯ ಕಾರಣ ಇದೆ. ಪೂರ್ವದ ಕಿಟಕಿಯ ಮುಂದೆ ಕಟ್ಟಿಗೆಯ ಇಳಿಮಾಡು ಇದೆ ಅಂದಿರಿ. ಬೆಳಗ್ಗಿನ ಬೆಳಕು ಬರಬೇಕಾದ ದಾರಿಗೇ ಶೀಟು ಅಡ್ಡ. ನಡುಗೋಡೆ ತೆಗೆದರೂ ಆ ಕತ್ತಲೆ ಹೋಗುವುದಿಲ್ಲ, ಊಟದ ಕೋಣೆಯನ್ನೂ ಸ್ವಲ್ಪ ಮಬ್ಬು ಮಾಡುತ್ತದೆ ಅಷ್ಟೆ. ಮೊದಲು ಕಟ್ಟಿಗೆಯನ್ನು ಬೇರೆ ಕಡೆಗೆ ಸಾಗಿಸಿ, ಶೀಟು ತೆಗೆಯಿರಿ. ಅದು ಆಗದಿದ್ದರೆ ಕಿಟಕಿಯ ನೇರಕ್ಕೆ ಇರುವ ಎರಡು ಶೀಟನ್ನು ತೆಗೆದು ಬೆಳಕು ಹಾಯುವ ಪ್ಲಾಸ್ಟಿಕ್ ಶೀಟು ಹಾಕಿ. ಕಿಟಕಿ ಮೂರು ಅಡಿ ಅಗಲದ್ದಾದರೆ ಅದನ್ನು ಐದು ಅಡಿಗೆ ಹಿಗ್ಗಿಸಿ, ಮೇಲಿನ ಲಿಂಟಲನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸಿ. ಇಷ್ಟು ಮಾಡಿ ಒಂದು ವಾರ ಅಡುಗೆ ಮಾಡಿ ನೋಡಿ. ಗೋಡೆ ತೆಗೆಯುವ ಆಸೆ ಅರ್ಧ ಇಳಿದರೂ ಆಶ್ಚರ್ಯವಿಲ್ಲ.

ಆದರೂ ಎರಡು ಕೋಣೆ ಸೇರಿದರೆ ಓಡಾಟ ಸುಲಭ, ಬಡಿಸುವುದು ಸುಲಭ, ಅಮ್ಮ ಕೂತಲ್ಲಿಂದಲೇ ಮಾತಾಡಬಹುದು. ಅದು ನ್ಯಾಯವಾದ ಆಸೆಯೇ. ಹಾಗಾದರೆ ಆ ಗೋಡೆ ಏನು ಹೊತ್ತಿದೆ ಅಂತ ನೋಡೋಣ.

ತಾರಸಿಯ ಭಾರ ಹೆಚ್ಚಾಗಿ ಚಿಕ್ಕ ಅಳತೆಯ ದಿಕ್ಕಿನಲ್ಲಿ ಗೋಡೆಗೆ ಇಳಿಯುತ್ತದೆ. ನಿಮ್ಮ ಒಂದು ಕೋಣೆಯ ಚಿಕ್ಕ ಅಳತೆ 10 ಅಡಿ, ಇನ್ನೊಂದರದ್ದು 12. ನಡುಗೋಡೆಯ ಉದ್ದ 14 ಅಡಿ. ಅಂದರೆ ಎರಡೂ ಕಡೆಯ ತಾರಸಿ ಬಂದು ಕೂತಿರುವುದು ಇದೇ ಗೋಡೆಯ ಮೇಲೆ. ಮನೆಯ ಹಿಂಭಾಗದಲ್ಲಿ ಅತಿ ಜಾಸ್ತಿ ಭಾರ ಹೊತ್ತ ಗೋಡೆಯೇ ನೀವು ತೆಗೆಯಲು ಹೊರಟದ್ದು. ಅದನ್ನು ಸುಮ್ನೆ ತೆಗೆದರೆ ಐದು ಇಂಚಿನ ತಾರಸಿ 22 ಅಡಿ ಒಂದೇ ಹಾರಿಗೆ ನಿಲ್ಲಬೇಕು. ನಿಲ್ಲುವುದಿಲ್ಲ.

ಗೋಡೆಯಲ್ಲಿ ಎಂಟು ಅಡಿಯ ಬಾಯಿ ತೆರೆಯುವುದಾದರೆ ಲೆಕ್ಕ ಹೀಗೆ. ಎರಡೂ ಕೋಣೆಯ ಅರ್ಧರ್ಧ ಭಾರ ಅಂದರೆ ಐದು ಅಡಿ ಮತ್ತು ಆರು ಅಡಿ ಸೇರಿ ಹನ್ನೊಂದು ಅಡಿಯ ಪಟ್ಟಿ ಬೀಮಿನ ಮೇಲೆ ಬರುತ್ತದೆ. ಚದರ ಮೀಟರಿಗೆ 600 ಕಿಲೋ ಹಿಡಿದರೆ ಒಟ್ಟು ಸುಮಾರು 4.9 ಟನ್. ಬೀಮಿನ ಸ್ವಂತ ತೂಕವನ್ನೂ ಸೇರಿಸಿದರೆ ಒಂದೊಂದು ತುದಿಗೆ ಎರಡೂವರೆ ಟನ್ನಿಗೆ ಕಡಿಮೆಯಿಲ್ಲ. ಬೀಮು ಗಟ್ಟಿ ಇದ್ದರೆ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ನಮ್ಮ ಕಡೆ ತೊಂದರೆ ಬರುವುದು ಬೀಮಿಗಲ್ಲ, ಅದರ ತುದಿ ಕೂರುವ ಕಲ್ಲಿಗೆ. ಗೋಡೆ ಕಟ್ಟುವ ಕೆಂಪುಕಲ್ಲಿಗೆ ಭಾರತೀಯ ಮಾನಕ ಕೇಳುವ ಕನಿಷ್ಠ ಬಲ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ. ಅದು ಒಂದು ಕಲ್ಲಿನ ಮಾತು. ಗಾರೆ, ಸಂದು, ಎತ್ತರ, ತೇವ ಎಲ್ಲ ಲೆಕ್ಕ ಹಿಡಿದು ಸುರಕ್ಷತೆಗೆ ಅಂತರ ಬಿಟ್ಟರೆ ಗೋಡೆಯ ಮೇಲೆ ಹೊರಿಸಬಹುದಾದದ್ದು ಅದರ ಚಿಕ್ಕ ಪಾಲು ಮಾತ್ರ. ಬೀಮಿನ ತುದಿಯನ್ನು ಒಂಬತ್ತು ಇಂಚು ಮಾತ್ರ ಗೋಡೆಯೊಳಗೆ ನುಗ್ಗಿಸಿದರೆ ಅಲ್ಲಿ ಚದರ ಸೆಂಟಿಮೀಟರಿಗೆ ಐದು ಕಿಲೋಗಿಂತ ಜಾಸ್ತಿ ಒತ್ತುತ್ತದೆ. ನಾನು ಅದಕ್ಕೆ ಒಪ್ಪುವುದಿಲ್ಲ. ತುದಿಯ ಕೆಳಗೆ ಎರಡು ಅಡಿ ಉದ್ದದ ಕಾಂಕ್ರೀಟಿನ ದಿಂಡು ಹಾಕಿದರೆ ಅದೇ ಭಾರ ಹರಡಿ ಎರಡು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಖರ್ಚು ಅರ್ಧ ಮೂಟೆ ಸಿಮೆಂಟಿನದು. ಇದನ್ನು ನಕ್ಷೆಯಲ್ಲಿ ಬರೆಸಿ, ಹಾಕುವಾಗ ಎದುರೇ ನಿಲ್ಲಿ.

ಗೋಡೆ 14 ಅಡಿ, ಬಾಯಿ 8 ಅಡಿ. ಉಳಿದ ಆರು ಅಡಿಯನ್ನು ಎರಡು ಬದಿಗೂ ಮೂರು ಮೂರು ಅಡಿ ಹಂಚಿ. ಒಂದು ಮೂಲೆಗೆ ತಾಗಿಸಿ ಬಾಯಿ ತೆರೆಯುವುದು ಬೇಡ. ಬಾಯಿಯನ್ನೂ ನೆಲದವರೆಗೆ ಪೂರ್ತಿ ಒಡೆಯಬೇಕಾಗಿಲ್ಲ. ಐದು ಅಡಿ ಉದ್ದಕ್ಕೆ ಮೂರಡಿ ಎತ್ತರದ ಗೋಡೆ ಹಾಗೇ ಬಿಟ್ಟು ಅದರ ಮೇಲೆ ಗ್ರಾನೈಟ್ ಹಾಸಿ, ಉಳಿದ ಮೂರು ಅಡಿ ಮಾತ್ರ ನಡೆಯುವ ದಾರಿ ಮಾಡಿ. ಬಡಿಸಲು ಕಟ್ಟೆಯಾಯಿತು, ಅಡುಗೆಮನೆಯ ರಗಳೆ ಊಟಕ್ಕೆ ಕೂತವರ ಕಣ್ಣಿಗೆ ಕಾಣುವುದೂ ಇಲ್ಲ. ಕುಚ್ಚಿಲಕ್ಕಿ ಇನ್ನೂ ಕಟ್ಟಿಗೆ ಒಲೆಯಲ್ಲೇ ಬೇಯುವುದಾದರೆ ಆ ಒಲೆಯನ್ನು ಹೊರಗಿನ ಬದಿಗೆ ಹಾಕಿಕೊಳ್ಳಿ. ತೆರೆದ ಅಡುಗೆಮನೆಯ ಚಂದ ಫೋಟೋದಲ್ಲಿ ಕಾಣುತ್ತದೆ, ಒಗ್ಗರಣೆಯ ಘಾಟು ಕಾಣುವುದಿಲ್ಲ.

ಒಡೆಯುವ ಕ್ರಮವೂ ಮುಖ್ಯ. ಗೋಡೆಯ ಎರಡೂ ಬದಿಯಲ್ಲಿ, ಎರಡು ಮೂರು ಅಡಿ ದೂರದಲ್ಲಿ, ಜಾಕಿ (ತಾತ್ಕಾಲಿಕ ಆಧಾರದ ಕಂಬ) ನಿಲ್ಲಿಸಿ ತಾರಸಿಯನ್ನು ಹಿಡಿಯಬೇಕು. ಜಾಕಿಯ ಕೆಳಗೆ ಹಲಗೆ ಇರಲಿ, ಟೈಲ್ಸ್ ಮೇಲೆ ನೇರ ಇಡಬಾರದು. ಬೀಮಿನ ತುದಿಯ ದಿಂಡುಗಳು ಮೊದಲು ಆಗಿ ಗಟ್ಟಿಯಾಗಬೇಕು. ಆಮೇಲೆ ಬೀಮು ಕೂರುವ ಎತ್ತರದಲ್ಲಿ ಕಲ್ಲನ್ನು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಕಾಂಕ್ರೀಟಿನ ಬೀಮಾದರೆ ಕೆಳಗಿನ ಆಧಾರವನ್ನು ಕನಿಷ್ಠ 14 ದಿನ ತೆಗೆಯಬಾರದು. ಈಗಿನ ಸಿಮೆಂಟು ಹೆಚ್ಚಾಗಿ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್), ಅದು ಗಟ್ಟಿಯಾಗುವುದು ನಿಧಾನ, ನಾನಾದರೆ 21 ದಿನ ಬಿಡುತ್ತೇನೆ. ಕಾಯಲು ಆಗದಿದ್ದರೆ ಕಬ್ಬಿಣದ ಐ ಬೀಮು ಹಾಕಬಹುದು. ಆಗ ಬೀಮಿಗೂ ತಾರಸಿಗೂ ನಡುವಿನ ಸಂದಿಯನ್ನು ಕುಗ್ಗದ ಗ್ರೌಟ್‌ನಿಂದ ಬಿಗಿಯಾಗಿ ತುಂಬಬೇಕು. ಸಂದಿ ಉಳಿದರೆ ಜಾಕಿ ತೆಗೆದ ದಿನ ತಾರಸಿ ಅಷ್ಟು ಕೆಳಗಿಳಿದು ಬಿರುಕು ಬಿಡುತ್ತದೆ.

ಇದಕ್ಕೂ ಮೊದಲು 1996ರ ತಾರಸಿಯ ಆರೋಗ್ಯ ನೋಡಿ. ಅಡಿಯಿಂದ ಸುತ್ತಿಗೆಯ ಹಿಡಿಯಲ್ಲಿ ತಟ್ಟಿ. ಟೊಳ್ಳು ಸದ್ದು, ತುಕ್ಕಿನ ಕಂದು ಕಲೆ, ಕಬ್ಬಿಣದ ಸಾಲಿಗೆ ಬಿದ್ದ ಬಿರುಕು, ಇದರಲ್ಲಿ ಒಂದು ಕಂಡರೂ ಮೊದಲು ಅದರ ದುರಸ್ತಿ.

ಅಮ್ಮನ ಬಾತ್‌ರೂಮಿಗೆ ಮನೆಯ ಹೊರಗೆ ಹೊಸ ಕೋಣೆ ಕಟ್ಟುವ ಬದಲು, ಅಮ್ಮನ ಕೋಣೆಗೆ ತಾಗಿದ್ದರೆ ಉಗ್ರಾಣವನ್ನೇ ಯಾಕೆ ಬಳಸಬಾರದು? ಹೊಸ ಪಂಚಾಂಗ ಬೇಡ, ಹೊಸ ಮಾಡು ಬೇಡ. ಎಂಟು ಅಡಿಗೆ ಆರು ಅಡಿ ಸಿಕ್ಕಿದರೆ ಧಾರಾಳ. ಗುಡ್ಡದ ಬದಿಯ ಮನೆ ಅಂದಿರಿ, ಹಾಗಾಗಿ ಒಂದು ಎಚ್ಚರಿಕೆ: ಹಿಂದೆ ಜಾಗ ಸಾಲದು ಅಂತ ಬರೆ (ಗುಡ್ಡದ ಕಡಿದಾದ ಬದಿ) ಕಡಿಯಬೇಡಿ. ಮೇಲಿನ ಕೆಂಪುಕಲ್ಲು ಗಟ್ಟಿ ಕಾಣುತ್ತದೆ. ಅದರ ಅಡಿಗೆ ಶೇಡಿಮಣ್ಣು (ನುಣುಪಾದ ಜೇಡಿಮಣ್ಣು) ಇದ್ದರೆ ನೀರು ಕುಡಿದಾಗ ಸೋಪಿನ ಹಾಗೆ ಜಾರುತ್ತದೆ.

ಬಾಗಿಲು ಮೂರು ಅಡಿ ಅಗಲ, ಹೊಸ್ತಿಲಿಲ್ಲದ್ದು, ಹೊರಗೆ ತೆರೆಯುವಂಥದ್ದು. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ದೂಡಲು ಆಗುವುದಿಲ್ಲ. ಕಮೋಡು ನೆಲದಿಂದ 45 ಸೆಂಟಿಮೀಟರ್ ಎತ್ತರಕ್ಕೆ ಸಿಗಲಿ, ಅದರ ಪಕ್ಕದಲ್ಲೂ ಸ್ನಾನದ ಜಾಗದಲ್ಲೂ ಹಿಡಿಕೆ ಬೇಕು. ಹಿಡಿಕೆಯನ್ನು ಮಾಮೂಲಿ ಪ್ಲಾಸ್ಟಿಕ್ ಗಿಟಕು (ಸ್ಕ್ರೂ ಹಿಡಿಯುವ ಪ್ಲಗ್) ಹಾಕಿ ಕೆಂಪುಕಲ್ಲಿಗೆ ಬಿಗಿಯಬೇಡಿ. ಕಲ್ಲಿನಲ್ಲಿ ತೂತುಗಳಿರುತ್ತವೆ, ಒಂದು ದಿನ ಅಮ್ಮನ ಪೂರ್ತಿ ಭಾರ ಬಿದ್ದಾಗ ಕಿತ್ತು ಬರುತ್ತದೆ. ಹಿಡಿಕೆ ಬರುವ ಜಾಗದ ಕಲ್ಲು ತೆಗೆದು ಅಲ್ಲಿ ಕಾಂಕ್ರೀಟ್ ತುಂಬಿ, ಅದಕ್ಕೆ ಬೋಲ್ಟ್ ಹಾಕಿಸಿ. ಕೆಂಪುಕಲ್ಲು ನೀರನ್ನು ಚೆನ್ನಾಗಿ ಕುಡಿಯುತ್ತದೆ, ಆದ್ದರಿಂದ ಟೈಲ್ಸ್ ಹಾಕುವ ಮೊದಲು ನೆಲಕ್ಕೂ ಗೋಡೆಗೂ ವಾಟರ್‌ಪ್ರೂಫ್ ಲೇಪ ಕಡ್ಡಾಯ. ಮೇಲೆ ಮರದ ಮುಚ್ಚಿಗೆ ಇದ್ದರೆ ಬಿಸಿನೀರಿನ ಹಬೆ ಅದನ್ನು ತಿನ್ನುತ್ತದೆ. ಹಬೆ ಹೊರಗೆ ಹೋಗಲು ಫ್ಯಾನು ಇಡಿಸಿ. ಪೈಪು ಹಾಯಿಸಲು ಪಂಚಾಂಗವನ್ನು ಸುತ್ತಿಗೆಯಿಂದ ಒಡೆಯದೆ ಯಂತ್ರದಲ್ಲಿ ದುಂಡಗೆ ಕೊರೆಯಿಸಿ. ಹಳೆ ಬಚ್ಚಲನ್ನು ಮಾತ್ರ ಕೆಡವಬೇಡಿ. ಹಂಡೆಯ ಬಿಸಿನೀರೇ ಬೇಕು ಅಂತ ಅಮ್ಮ ಹಟ ಹಿಡಿದರೆ, ಹಗಲು ಹೊತ್ತು ಅದು ಇರಲಿ. ತೋಟದ ಕೆಲಸ ಮುಗಿಸಿ ಬರುವವರಿಗೂ ಬೇಕಾಗುತ್ತದೆ.

ಸೆಪ್ಟಿಕ್ ಟ್ಯಾಂಕಿನ ಜಾಗ ಇದಕ್ಕಿಂತ ದೊಡ್ಡ ಪ್ರಶ್ನೆ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರ ಎಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ನಮ್ಮ ಕಲ್ಲಿನಲ್ಲಿ ನೀರು ಸುಲಭವಾಗಿ ಹರಿಯುವುದರಿಂದ ಜಾಗ ಇದ್ದರೆ ಅದರ ಎರಡರಷ್ಟು ಬಿಡಿ, ಅದೂ ಬಾವಿಗಿಂತ ತಗ್ಗಿನ ಕಡೆಗೆ. ಪೆರ್ಲ, ಬಾಯಾರು ಕಡೆ ಸುರಂಗದ, ಅಂದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಿಲದ, ನೀರು ಕುಡಿಯುವ ಮನೆಗಳು ಬಹಳ. ಸುರಂಗದ ಬಾಯಿ ಒಂದು ಕಡೆ ಇದ್ದರೂ ಅದು ಗುಡ್ಡದೊಳಗೆ ಎಷ್ಟೋ ದೂರ ಹೋಗಿರುತ್ತದೆ. ಬಾಯಿಯಿಂದ ಅಳೆದರೆ ಸಾಲದು. ಸುರಂಗ ಯಾವ ದಿಕ್ಕಿಗೆ, ಎಷ್ಟು ಉದ್ದಕ್ಕೆ ಹೋಗಿದೆ ಎಂದು ಹಿರಿಯರಲ್ಲಿ ಕೇಳಿ ನೆಲದ ಮೇಲೆ ಗುರುತು ಹಾಕಿ. ಆ ಗೆರೆಯ ಮೇಲೆ, ಅದರ ಹತ್ತಿರ ಇಂಗುಗುಂಡಿ ಬೇಡವೇ ಬೇಡ. ನೆರೆಮನೆಯ ಸುರಂಗವನ್ನೂ ವಿಚಾರಿಸಿ.

ಪಂಚಾಯತಿನ ವಿಷಯ ಚುಟುಕಾಗಿ. ಒಳಗಿನ ಬಾಗಿಲು ತೆರೆಯುವುದು, ಕಿಟಕಿ ಬದಲಿಸುವುದು, ಹಂಚು ಮತ್ತೆ ಹೊದಿಸುವುದು, ಸಾರಣೆ, ಬಣ್ಣ, ಇವಕ್ಕೆ ಪರವಾನಗಿ ಬೇಡ. ಭಾರ ಹೊತ್ತ ಗೋಡೆಗೆ ಕೈ ಹಾಕುವುದು, ಮನೆಗೆ ಹೊಸ ಭಾಗ ಸೇರಿಸುವುದು ಅಂದರೆ ನಕ್ಷೆ ಸಲ್ಲಿಸಬೇಕು. ಈಗ ಅರ್ಜಿ ಹೋಗುವುದು ಕೆ-ಸ್ಮಾರ್ಟ್ (ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆ) ಮೂಲಕ, ನೋಂದಣಿ ಇರುವ ಎಂಜಿನಿಯರ್ ಅಥವಾ ಸೂಪರ್‌ವೈಸರ್ ಸಹಿ ಬೇಕು. ಪಕ್ಕಕ್ಕೆ ಕೋಣೆ ಕಟ್ಟುವ ಯೋಚನೆ ಉಳಿದರೆ ಆ ಜಾಗ ದಾಖಲೆಯಲ್ಲಿ 'ನಿಲಂ' (ಭತ್ತದ ಗದ್ದೆ) ಅಂತ ಇದೆಯೋ ಅಂತ ಮೊದಲೇ ನೋಡಿಕೊಳ್ಳಿ. ಅಲ್ಲಿ ಗದ್ದೆ ಇಲ್ಲದೆ ಎಷ್ಟೋ ವರ್ಷ ಆಗಿರಬಹುದು, ಕಾಗದದಲ್ಲಿ ಗದ್ದೆ ಇದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ.

ಸಮಯದ ಲೆಕ್ಕದಲ್ಲಿ ನೀವು 'ಮಳೆಗಾಲಕ್ಕೆ ಮೊದಲು' ಅಂತ ಒಂದೇ ಗಡುವು ಇಟ್ಟಿದ್ದೀರಿ. ನನಗೆ ಎರಡು ಕಾಣುತ್ತವೆ. ಕಾಂಕ್ರೀಟಿಗೆ ನೀರು ಬೇಕು. ಪಿಪಿಸಿ ಸಿಮೆಂಟಿನ ಕೆಲಸವನ್ನು ಕನಿಷ್ಠ ಹತ್ತು ದಿನ ಒದ್ದೆಯಾಗಿಡಬೇಕು. ಏಪ್ರಿಲ್‌ನಲ್ಲಿ ತೋಟಕ್ಕೇ ನೀರು ಸಾಲದಿರುವಾಗ ಬೀಮಿಗೆ ಯಾರು ಹಾಕುತ್ತಾರೆ? ಆದ್ದರಿಂದ ಬೀಮು, ದಿಂಡು, ಲಿಂಟಲ್ ಎಲ್ಲ ಡಿಸೆಂಬರ್, ಜನವರಿಯಲ್ಲಿ ಆಗಲಿ. ಹಂಚು ಇಳಿಸುವುದು ಬೇಸಿಗೆ ಮಳೆ ಶುರುವಾಗುವ ಮೊದಲು, ಫೆಬ್ರವರಿ, ಮಾರ್ಚಿನಲ್ಲಿ. ಪತ್ತನಾಜೆ (ಮೇ ಕೊನೆಯ ವಾರಕ್ಕೆ ಬರುವ ತುಳುನಾಡಿನ ದಿನ) ಹೊತ್ತಿಗೆ ಮಾಡಿನ ಕೆಲಸ ಒಂದೂ ಬಾಕಿ ಇರಬಾರದು. ಆದರೆ ಅದೇ ತಿಂಗಳುಗಳಲ್ಲಿ ನಿಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ ಅಲ್ವಾ? ಜಲ್ಲಿ, ಎಂ ಸ್ಯಾಂಡ್, ಒಡೆದ ಕಲ್ಲು ಎಲ್ಲಿ ಬೀಳಬೇಕು ಅಂತ ಮೊದಲೇ ಜಾಗ ಗುರುತಿಸದಿದ್ದರೆ ಅಡಿಕೆಯಲ್ಲಿ ಸಿಮೆಂಟು, ಕಾಂಕ್ರೀಟಿನಲ್ಲಿ ಸಿಪ್ಪೆ ಸೇರುತ್ತದೆ. ಗೋಡೆ ಒಡೆಯುವ ತಿಂಗಳು ಅಡುಗೆ ಎಲ್ಲಿ ಅನ್ನುವುದನ್ನೂ ಈಗಲೇ ತೀರ್ಮಾನಿಸಿ.

ಕಾಂಟ್ರಾಕ್ಟನ್ನು ಬಾಯಿಮಾತಿಗೆ ಬಿಡದೆ ಒಂದು ಹಾಳೆಯಲ್ಲಿ ಬರೆಯಿರಿ. ಜಾಕಿ ಯಾರದ್ದು, ಒಡೆದ ಕಲ್ಲು ಸಾಗಿಸುವುದು ಯಾರು, ಹಳೆ ಹಂಚು ಒಡೆದರೆ ಯಾರ ಲೆಕ್ಕ, ಎಲ್ಲ ಅದರಲ್ಲಿರಲಿ. ಹಳೆ ಮನೆಯ ಕೆಲಸದಲ್ಲಿ ಸಾರಣೆ ಬಿಚ್ಚಿದ ಮೇಲೆ ಹೊಸ ಖರ್ಚು ಕಾಣುವುದು ಮಾಮೂಲಿ. ಅಂದಾಜಿನ ಮೇಲೆ ಐದನೇ ಒಂದು ಪಾಲು ಬೇರೆ ಎತ್ತಿಡಿ. ದುಡ್ಡು ಕೆಲಸದ ಹಂತ ನೋಡಿ ಕೊಡಿ, ಮಾಡಿನ ಕೆಲಸದ ಹತ್ತನೇ ಒಂದು ಪಾಲನ್ನು ಜೂನ್‌ನಲ್ಲಿ ಎರಡು ಜೋರು ಮಳೆ ಬಿದ್ದು ಒಳಗೆ ಎಲ್ಲೂ ಸೋರಲಿಲ್ಲ ಅಂತ ನೋಡಿದ ಮೇಲೆ ಕೊಡುವ ಮಾತು ಮೊದಲೇ ಆಗಲಿ.